ಮಂಜಿನೊಳಗಿನ ಹರಳೆಣ್ಣೆ

ಬಾಯಿಯಿಂದ ಕೆಟ್ಟವರುಂಟು, ಕೈಯಿಂದ ಕೆಟ್ಟವರುಂಟು. ಮೂಗಿನಿಂದ ಕೆಟ್ಟವನು ಡಾಲರು ದೇಶದ ಡಬ್ಲಿನ್ ಊರಿಗೆಲ್ಲ ಒಬ್ಬನೇ. ಅವನು ಸೋಮಲಿಂಗಪ್ಪ.

ಆ ಮೂಗು ಸಾಮಾನ್ಯದ್ದಲ್ಲ. ರೋಣದ ಡಿಪೋದಲ್ಲಿ ಮೂವತ್ತೆರಡು ವರ್ಷ ಸರಕಾರಿ ಬಸ್ಸು ಓಡಿಸಿದ ಮೂಗು. ಹಿಂದಿನ ಸೀಟಿನಲ್ಲಿ ಯಾರೋ ಬೀಡಿ ಹಚ್ಚಿದರೆ ಮುಂದೆ ಕೂತು ಬೀಡಿಯ ಹೆಸರು ಹೇಳುತ್ತಿತ್ತು. ಬ್ರೇಕಿನ ಲೈನರು ಸುಡುವುದಕ್ಕೆ ಎರಡು ಹಳ್ಳಿ ಮೊದಲೇ ಎಚ್ಚರಿಸುತ್ತಿತ್ತು. ಮೆಕ್ಯಾನಿಕ್ಕಿಗಿಂತ ಮೊದಲು ಡಿಪೋ ಮ್ಯಾನೇಜರು ಈ ಮೂಗನ್ನೇ ಕರೆಸುತ್ತಿದ್ದರಂತೆ. ಹಾಗೆಂದು ಸೋಮಲಿಂಗಪ್ಪ ಹೇಳುತ್ತಿದ್ದ. ಬೇರೆ ಯಾರೂ ಹೇಳಿದ್ದನ್ನು ಕೇಳಿದವರಿಲ್ಲ. ಓದಿದ್ದು ನಾಲ್ಕನೆಯ ಇಯತ್ತೆ. ಉಳಿದ ವಿದ್ಯೆಯೆಲ್ಲ ಮೂಗಿನ ದಾರಿಯಲ್ಲೇ ಒಳಗೆ ಹೋದದ್ದು. ನಿವೃತ್ತಿಯ ಮೇಲೆ ಅದೇ ಮೂಗು ಹೊತ್ತು, ಹೆಂಡತಿಯ ಜೊತೆ ಇಲ್ಲಿಯ ಮಗಳ ಮನೆ ಸೇರಿದ್ದ.

ಅಂದು ನರಕ ಚತುರ್ದಶಿ. ಹಬ್ಬ ವಾರದ ನಡುವೆ ಬಂದಿತ್ತು. ಮಗಳು ವಸುಧಾ, "ಅಪ್ಪಾ, ಎಣ್ಣಿ ಸ್ನಾನ ಶನಿವಾರ ಇಟ್ಕೊಳ್ಳೂಣು. ಇವತ್ತ ಎಂಟಕ್ಕ ಮೀಟಿಂಗ್ ಐತಿ" ಎಂದು ನರಕಾಸುರನ ವಧೆಯನ್ನು ವೀಕೆಂಡಿಗೆ ಮುಂದೂಡಿದ್ದಳು. ಹಬ್ಬದ ದಿನ ಒಣ ತಲೆಯಲ್ಲಿ ಹೊರಬೀಳಬೇಕಾಯಿತಲ್ಲ ಎಂಬ ಸಂಕಟದಲ್ಲೇ ಸೋಮಲಿಂಗಪ್ಪ ಬೆಳಿಗ್ಗೆ ಆರಕ್ಕೆ ಎಂದಿನಂತೆ ವಾಕಿಂಗಿಗೆ ಹೊರಟ.

ಮಂಜೆಂದರೆ ಅಂಥಿಂಥ ಮಂಜಲ್ಲ. ಮನೆಗಳು ಮಾಯವಾಗಿ ಅವುಗಳ ಬಾಗಿಲ ದೀಪಗಳಷ್ಟೇ ನೇತಾಡುತ್ತಿದ್ದವು. ಕಾಲಲ್ಲಿ ಬೂಟು ಇದೆಯೇ ಎಂದು ಅವನು ಎರಡು ಸಲ ಬಗ್ಗಿ ಮುಟ್ಟಿ ನೋಡಿಕೊಂಡ. ಉದ್ದನೆಯ ನೇರ ರಸ್ತೆ ಮುಗಿದು ಬಲಕ್ಕೆ ಹೊರಳುವಲ್ಲಿ ವಾಸನೆ ಬಂತು. ಕಾದ ಹರಳೆಣ್ಣೆ!

"ಭಲೇ!" ಎಂದ ಸೋಮಲಿಂಗಪ್ಪ. "ಇಲ್ಲೊಬ್ಬ ಧರ್ಮವಂತ ಅದಾನ. ನಸಿಕಿನ್ಯಾಗ ಎಣ್ಣಿ ಕಾಸ್ಯಾನ."

ನಮ್ಮ ಕಡೆಯವರು ಯಾರೋ ಇರಬೇಕು. ಗುರುತು ಮಾಡಿಕೊಂಡರೆ ನೆತ್ತಿಗೆ ಒಂದು ಹನಿ ಸಿಕ್ಕೀತು ಎಂಬ ಆಸೆ. ಆದರೆ ಆ ವಾಸನೆ ಒಂದು ಕಡೆ ನಿಲ್ಲುತ್ತಿರಲಿಲ್ಲ. ಭರ್ರನೆ ಬಂದು ಮುಖಕ್ಕೆ ಬಡಿದು ಹೋಗುತ್ತಿತ್ತು. ಎರಡು ನಿಮಿಷ ಬಿಟ್ಟು ಮತ್ತೆ ಬರುತ್ತಿತ್ತು. ಎಣ್ಣೆಯ ಕಡಾಯಿಯನ್ನು ಹೊತ್ತು ಯಾರೋ ಓಣಿಯನ್ನು ಸುತ್ತುಹಾಕುತ್ತಿದ್ದಂತೆ. ವಾಸನೆಯ ಜೊತೆ ಒಂದು ಸದ್ದು. ಪಾಳುಬಾವಿಯ ತಳದಲ್ಲಿ ಹಿಟ್ಟಿನ ಗಿರಣಿ ಹೂಡಿದಂಥ ಸದ್ದು. ಅದೂ ಹತ್ತಿರ ಬಂದು, ದಾಟಿ, ದೂರವಾಗುತ್ತಿತ್ತು. ದಾಟುವಾಗ ಮಂಜು ಎರಡು ಹೋಳಾಗಿ ಮತ್ತೆ ಕೂಡಿಕೊಳ್ಳುತ್ತಿತ್ತು. ನೀರು ಕಾಸುವ ಯಂತ್ರ ಇರಬಹುದೆಂದು ಸೋಮಲಿಂಗಪ್ಪ ಸಮಾಧಾನ ಮಾಡಿಕೊಂಡ. ನೀರು ಕಾಸುವ ಯಂತ್ರ ಓಡಾಡುವುದುಂಟೇ ಎಂದು ಕೇಳಿಕೊಳ್ಳಲಿಲ್ಲ.

ನಾಲ್ಕು ಮನೆಗಳ ಗಂಟೆ ಒತ್ತಿದ. ಮೊದಲನೆಯ ಮನೆಯಲ್ಲಿ ಉತ್ತರವಿಲ್ಲ. ಎರಡನೆಯದರಲ್ಲಿ ನಾಯಿ ಉತ್ತರ ಕೊಟ್ಟಿತು. ಮೂರನೆಯ ಮನೆಯಲ್ಲಿ ಗಂಟೆಯೇ ಇಂಗ್ಲಿಷಿನಲ್ಲಿ ಯಾರೆಂದು ಕೇಳಿತು. ಅವನು ಗಂಟೆಯ ಮುಂದೆ ನಿಂತು ನೆತ್ತಿ ತಟ್ಟಿಕೊಂಡು, "ಎಣ್ಣಿ, ಎಣ್ಣಿ" ಎಂದು ವಿವರಿಸಿದ. ನಾಲ್ಕನೆಯ ಮನೆಯಲ್ಲಿ ಗ್ಯಾರೇಜಿನ ಬಾಗಿಲ ಕೆಳಗೆ ಸಂದು ಕಂಡಿತು. ಮೊಣಕಾಲೂರಿ, ಸಂದಿಗೆ ಮೂಗಿಟ್ಟು, ಕಣ್ಣು ಮುಚ್ಚಿ ದೀರ್ಘವಾಗಿ ಎಳೆದುಕೊಂಡ.

ಮಧ್ಯಾಹ್ನದ ಹೊತ್ತಿಗೆ ಆ ನಾಲ್ಕೂ ಮನೆಗಳ ಕ್ಯಾಮೆರಾ ಹಿಡಿದ ಚಿತ್ರ ಓಣಿಯ ಎಲ್ಲರ ಫೋನಿನಲ್ಲಿತ್ತು. ಮಂಡ್ಯದ ಅಳಿಯ ನವೀನ ಊಟದ ತಟ್ಟೆ ಬಿಟ್ಟು ಒಂದೊಂದೇ ಓದಿ ಹೇಳಿದ. "ನೋಡಿ ಮಾವ, ಇವ್ರು ಗ್ಯಾಸ್ ಕಂಪನಿಯೋರಾ ಅಂತ ಕೇಳವ್ರೆ. ಇನ್ನೊಬ್ಬರು ಇದು ಏನೋ ಪೂಜೆ ಇರ್ಬೇಕು, ಗೌರವ ಕೊಡಿ ಅಂತ ಬರ್ದವ್ರೆ. ಈ ಯಮ್ಮನ ನಾಯಿ ಬೆಳಗಿಂದ ಊಟನೇ ಮಾಡಿಲ್ವಂತೆ."

"ನನ್ನ ನೋಡಿ ಊಟ ಬಿಟ್ಟಿತೇನು?"

"ನಿಮ್ಮನ್ನಲ್ಲ. ನಿಮ್ಮ ಹಿಂದ್ಗಡೆ ಏನೋ ನೋಡ್ತಂತೆ."

ಈ ಕೊನೆಯ ಮಾತಿಗೆ ಯಾರೂ ಗಮನ ಕೊಡಲಿಲ್ಲ. ಏಕೆಂದರೆ ಅಷ್ಟರಲ್ಲಿ ವೆಂಕಟೇಶ್ ಒಳಗೆ ಬಂದರು.

ವೆಂಕಟೇಶ್ ಬೆಂಗಳೂರಿನ ಬಸವನಗುಡಿಯವರು. ಆ ಬಡಾವಣೆಯ ಮನೆ ಮಾಲೀಕರ ಸಂಘದ ಪ್ರೆಸಿಡೆಂಟು. ಯಾರ ಹುಲ್ಲು ಎಷ್ಟು ಉದ್ದ ಬೆಳೆದಿದೆ, ಯಾರ ಕಸದ ಡಬ್ಬಿ ಎಷ್ಟು ಹೊತ್ತು ಹೊರಗಿತ್ತು ಎಂಬುದೆಲ್ಲ ಅವರ ಕೈಯ ಟ್ಯಾಬ್ಲೆಟ್ಟಿನಲ್ಲಿ ಇರುತ್ತಿತ್ತು. ಚಿತ್ರಗುಪ್ತನಿಗೂ ಅವರಿಗೂ ಒಂದೇ ವ್ಯತ್ಯಾಸ: ಚಿತ್ರಗುಪ್ತ ಫೋಟೋ ತೆಗೆಯುವುದಿಲ್ಲ.

"ಅಂಕಲ್, ತಪ್ಪು ತಿಳ್ಕೋಬೇಡಿ," ಎಂದರು ವೆಂಕಟೇಶ್. "ಆ ರಸ್ತೇಲಿ ಯಾರೂ ನಮ್ಮವರಿಲ್ಲ. ಹರಳೆಣ್ಣೆ ಚಾನ್ಸೇ ಇಲ್ಲ. ಇಲ್ಲದ ವಾಸನೆ, ಇಲ್ಲದ ಸೌಂಡು... ವಸುಧಾ, ನಮ್ಮ ದೊಡ್ಡಪ್ಪಂಗೂ ಹೀಗೇ ಸ್ಟಾರ್ಟ್ ಆಗಿದ್ದು. ಒಂದು ಮೆಮೊರಿ ಟೆಸ್ಟ್ ಮಾಡಿಸಿಬಿಡಿ."

ವಸುಧಾಳ ಮುಖ ಇಳಿಯಿತು. ಸಂಜೆಯೊಳಗೆ ತೀರ್ಮಾನವಾಗಿತ್ತು. ಮುಂದಿನ ಗುರುವಾರ ಹತ್ತಕ್ಕೆ ಡಾಕ್ಟರು. ಅಲ್ಲಿಯವರೆಗೆ ಒಬ್ಬನೇ ಹೊಸ್ತಿಲು ದಾಟುವಂತಿಲ್ಲ. ಡಾಕ್ಟರು ಹೌದೆಂದರೆ ಪ್ಲೆಸೆಂಟನ್‌ನಲ್ಲಿ ಹಿರಿಯರ ಡೇಕೇರು. ಬೆಳಿಗ್ಗೆ ವ್ಯಾನು ಬಂದು ಒಯ್ಯುತ್ತದೆ, ಸಂಜೆ ತಂದು ಬಿಡುತ್ತದೆ.

"ಅಲ್ಲಿ ಏನ ಮಾಡಸ್ತಾರ?" ಎಂದು ಹೆಂಡತಿ ನಾಗವ್ವ ಕೇಳಿದಳು.

"ಕುರ್ಚಿ ಮ್ಯಾಲೆ ಕುಂಡ್ರಿಸಿ ಬಲೂನ್ ಆಡಸ್ತಾರವ್ವಾ. ಚಲೋ ಇರ್ತೈತಿ."

ಸೋಮಲಿಂಗಪ್ಪ ಕೂತಲ್ಲಿಂದ ಎದ್ದು ನಿಂತ. ಬಲೂನು ಹೋಗಲಿ, ವ್ಯಾನು! ಮೂವತ್ತೆರಡು ವರ್ಷ ಸ್ಟೇರಿಂಗ್ ಹಿಡಿದವನನ್ನು ಹಿಂದಿನ ಸೀಟಿನಲ್ಲಿ ಬೆಲ್ಟು ಬಿಗಿದು ಒಯ್ಯುವುದು! ಈ ದೇಶದಲ್ಲಿ ಅವನ ಸ್ವಂತದ್ದೆಂಬುದು ಆ ಬೆಳಗಿನ ನಡಿಗೆಯೊಂದೇ. ಅದರ ಮೇಲೆಯೇ ಕಲ್ಲು ಬಿದ್ದಿತ್ತು.

ಮರುದಿನ ಬೆಳಿಗ್ಗೆ ಸಾಕ್ಷಿಗೆಂದು ನಾಗವ್ವನನ್ನು ಕರೆದುಕೊಂಡು ಹೊರಟ. ಒಬ್ಬನೇ ದಾಟಬಾರದು ಎಂದಿದ್ದರೇ ಹೊರತು ಇಬ್ಬರ ಮಾತು ಬಂದಿರಲಿಲ್ಲ. ಮಂಜು ನಿನ್ನೆಯಂತೆಯೇ ಇತ್ತು. ತಿರುವಿನಲ್ಲಿ ಇಬ್ಬರೂ ನಿಂತರು. ಮೊದಲು ಸದ್ದು ಬಂತು, ಆಮೇಲೆ ವಾಸನೆ. ನಾಗವ್ವನ ಸೆರಗು ಪಟಪಟನೆ ಹಾರಿ ಮುಖಕ್ಕೆ ಸುತ್ತಿಕೊಂಡಿತು. ಬಿಸಿಗಾಳಿ ಮೊಣಕಾಲ ಮಟ್ಟದಲ್ಲಿ ಹಾದುಹೋಯಿತು. ರಸ್ತೆಯಲ್ಲಿ ಮಾತ್ರ ಏನೂ ಇಲ್ಲ.

ನಾಗವ್ವ ಸೆರಗು ಬಿಡಿಸಿಕೊಂಡು, ಸದ್ದು ಹೋದ ದಿಕ್ಕಿಗೆ ಕೈ ಎತ್ತಿದಳು. "ಯಾವನೋ ಅಂವ, ಹಾರ್ನ್ ಹೊಡೀದ ಬರಾಂವ! ಮಂದಿ ನಿಂತಾರ ಅನ್ನೂ ಖಬರ್ ಇಲ್ಲೇನು?"

"ಕೇಳಿಸ್ತಲ್ಲ? ಮನಿಗೆ ಹೋಗಿ ಮಗಳಿಗೆ ಹೇಳು."

"ನಾ ಹೇಳಂಗಿಲ್ಲ."

"ಯಾಕ?"

"ನನಗೂ ವಾಸನಿ ಬಂತು ಅಂದ್ರ ಇಬ್ಬರನ್ನೂ ವ್ಯಾನಿನ್ಯಾಗ ಹಾಕ್ತಾರ. ನೀವೊಬ್ರ ಹೋಗ್ರಿ, ನಾ ಮನ್ಯಾಗ ರೊಟ್ಟಿ ಬಡಕೋತ ಇರ್ತೇನಿ."

ಇಂಥ ಸಾಕ್ಷಿಯಿಂದ ಯಾವ ಕೋರ್ಟೂ ನಡೆಯದು. ಆದರೆ ಸೋಮಲಿಂಗಪ್ಪನಿಗೆ ಇನ್ನೊಂದು ಸಾಕ್ಷಿ ಸಿಕ್ಕಿತು. ತಿರುವಿನ ಅಂಚಿನಲ್ಲಿ ಒಣಹುಲ್ಲು ಚೆಲ್ಲಿತ್ತು. ಸುತ್ತಮುತ್ತ ಹೊಲವಿಲ್ಲ, ದನವಿಲ್ಲ. ಹುಲ್ಲು ಮಾತ್ರ ಈಗಷ್ಟೇ ಪೆಂಡಿ ಒಡೆದಂತೆ ಹರಡಿತ್ತು. ಒಂದು ತೆಕ್ಕೆ ಬಾಚಿ ಮನೆಗೆ ತಂದು ಅಂಗಳದ ಮೂಲೆಯಲ್ಲಿ ಇಟ್ಟ.

ಅರ್ಧ ತಾಸಿನಲ್ಲಿ ವೆಂಕಟೇಶ್ ಹಾಜರು. "ಅಂಕಲ್, ನೇರವಾಗಿ ಕೇಳ್ತೀನಿ. ಹಸು ಸಾಕಿದ್ದೀರಾ?"

"ಇಲ್ರಿ."

"ನಾಳೆ ಬಲಿಪಾಡ್ಯಮಿ. ಗೋಪೂಜೆ. ಇವತ್ತು ಹುಲ್ಲು ಬಂದಿದೆ. ನಾನೂ ಹಿಂದೂನೇ ಅಂಕಲ್, ನಂಗೆ ಅರ್ಥ ಆಗುತ್ತೆ. ಆದ್ರೆ ಬೈಲಾ ಪ್ರಕಾರ ನಲವತ್ತು ಪೌಂಡ್ ಮೇಲಿನ ಪ್ರಾಣಿ ಇಡೋ ಹಾಗಿಲ್ಲ." ಅವರು ಗ್ಯಾರೇಜು ನೋಡಿದರು, ಮಹಡಿ ನೋಡಿದರು, ಬಚ್ಚಲಿನ ಪರದೆಯನ್ನೂ ಸರಿಸಿ ನೋಡಿದರು. ಹಸು ಇರಲಿಲ್ಲ. ಇಲ್ಲದ ಹಸುವಿನ ಮೇಲೆ ಒಂದು ಎಚ್ಚರಿಕೆಯ ನೋಟಿಸು ಬರೆದಿಟ್ಟು ಹೋದರು.

ಈ ಕಷ್ಟದಲ್ಲಿ ಸೋಮಲಿಂಗಪ್ಪನ ಕೈ ಹಿಡಿದವನು ಕಮರುದ್ದೀನ್. ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ಕೆಲಸ ಕಲಿತು ಬಂದು ಇಲ್ಲಿ ಟಯರಿನ ಅಂಗಡಿ ಇಟ್ಟವನು, ಪಕ್ಕದ ಬೀದಿಯಲ್ಲೇ ಮನೆ. ಶನಿವಾರ ಬಂದು, "ಬನ್ನಿ ಚಾಚಾ, ಮನೇಲಿ ಕೂತು ಬೇಜಾರು. ಕ್ಲಬ್‌ಹೌಸ್ ಹತ್ರ ಹಳೇ ಗಾಡಿಗಳು ಬಂದಿವೆ, ನೋಡ್ಕೊಂಡು ಬರೋಣ" ಎಂದ.

ಕ್ಲಬ್‌ಹೌಸಿನ ಮುಂದೆ ಆರೇಳು ಹಳೆಯ ಕಾರುಗಳಿದ್ದವು. ಚಾವಣಿಯಿಲ್ಲ, ಕಿಟಕಿಯಿಲ್ಲ, ಮೂತಿ ಉದ್ದ, ಸೊಂಟ ಗಿಡ್ಡ. ಗೋಡೆಯ ಮೇಲೆ ದೊಡ್ಡ ದೊಡ್ಡ ಫೋಟೋಗಳು. ಕಮರುದ್ದೀನ್ ಓದಿ ಹೇಳಿದ: ಈ ಮನೆಗಳು ಏಳುವ ಮೊದಲು ಇಲ್ಲೊಂದು ವಿಮಾನಗಳ ಮೈದಾನವಿತ್ತು. ಎಪ್ಪತ್ತು ವರ್ಷಗಳ ಹಿಂದೆ ಇದೇ ತಿಂಗಳಲ್ಲಿ ಆ ಮೈದಾನದಲ್ಲಿ ಸ್ಪೋರ್ಟ್ಸ್ ಕಾರುಗಳ ಓಟ ನಡೆದಿತ್ತು. ಸಣ್ಣಪುಟ್ಟ ಓಟವಲ್ಲ. ಇಡೀ ದೇಶಕ್ಕೆ ಚಾಂಪಿಯನ್ ಯಾರೆಂದು ತೀರ್ಮಾನಿಸುವ ಓಟ. ನಲವತ್ತು ಸಾವಿರ ಜನ ಸೇರಿದ್ದರು. ತಿರುವುಗಳಲ್ಲಿ ಗೋಡೆಯ ಬದಲು ಹುಲ್ಲಿನ ಪೆಂಡಿ ಒಟ್ಟಿದ್ದರು.

"ಏನ ಒಟ್ಟಿದ್ರು?" ಎಂದ ಸೋಮಲಿಂಗಪ್ಪ.

"ಹುಲ್ಲು ಚಾಚಾ."

ಅಷ್ಟರಲ್ಲಿ ಯಾರೋ ಒಂದು ಕಾರಿಗೆ ಜೀವ ಕೊಟ್ಟರು. ಬಾವಿಯ ತಳದ ಗಿರಣಿ ಮೇಲೆದ್ದು ಬಂದಂತೆ ಅದು ಗುಡುಗಿತು. ನೀಲಿ ಹೊಗೆ ಸುರುಳಿಯಾಗಿ ಬಂದು ಸೋಮಲಿಂಗಪ್ಪನ ಮೂಗು ಹೊಕ್ಕಿತು.

"ಇದ!" ಎಂದು ಅವನು ಕೂಗಿದ ಕೂಗಿಗೆ ಇಬ್ಬರು ಮೇಮುಗಳು ಕಾಫಿ ಚೆಲ್ಲಿಕೊಂಡರು. "ಇದ ಹರಳೆಣ್ಣಿ! ನನ್ನ ಮೂಗ ಸುಳ್ಳ ಹೇಳಲಿಲ್ಲ!"

ಗಾಲಿಕುರ್ಚಿಯಲ್ಲಿ ಕೂತಿದ್ದ ಒಬ್ಬ ಮುದುಕ ತಿರುಗಿ ನೋಡಿದ. ವಾಲ್ಟರ್ ಎಂದು ಅವನ ಹೆಸರು, ವಯಸ್ಸು ತೊಂಬತ್ತನಾಲ್ಕು. ಆ ಓಟದಲ್ಲಿ ಬಾವುಟ ಬೀಸಿದವನು ಅವನೇ. ಕಮರುದ್ದೀನ್ ಮಾತಿಗೆ ಸೇತುವೆಯಾದ.

"ಹೌದಂತೆ ಚಾಚಾ. ಆ ಕಾಲ್ದಲ್ಲಿ ರೇಸ್ ಎಂಜಿನ್‌ಗೆ ಹರಳೆಣ್ಣೆನೇ ಹಾಕ್ತಿದ್ರಂತೆ. ಎಷ್ಟು ಬಿಸಿಯಾದ್ರೂ ತಡ್ಕೊಳ್ಳುತ್ತಂತೆ."

"ಬೆಳಿಗ್ಗೆ ಆರಕ್ಕ ಈ ಗಾಡಿ ಯಾರ ಓಡಸ್ತಾರ ಕೇಳು. ಎರಡೆರಡು ನಿಮಿಷಕ್ಕ ಒಂದು ಸುತ್ತ ಹೊಡೀತೈತಿ. ಉದ್ದ ರಸ್ತೆದಾಗ ಜೋರ, ಬಲಕ್ಕ ತಿರುಗೂವಾಗ ಗೇರ್ ಇಳಸ್ತಾನ."

ಕಮರುದ್ದೀನ್ ಹೇಳಿದ. ವಾಲ್ಟರ್ ಕೈಯಲ್ಲಿದ್ದ ಕಾಗದದ ಲೋಟವನ್ನು ಮಡಿಲಿಗೆ ಇಳಿಸಿದ. ಆಮೇಲೆ ಮೆಲ್ಲಗೆ, ಲೋಟಕ್ಕೆ ಹೇಳುವವನಂತೆ ಹೇಳತೊಡಗಿದ. ಕಮರುದ್ದೀನನ ದನಿಯೂ ಅಷ್ಟೇ ಮೆಲ್ಲಗಾಯಿತು.

"ಕೊನೇ ಸುತ್ತುಗಳಲ್ಲಿ ಮಂಜು ಇಳೀತಂತೆ ಚಾಚಾ. ಬೇಗ ಬೇಗ ಬಾವುಟ ಬೀಸಿ ಎಲ್ಲಾ ಗಾಡಿ ಒಳಗೆ ಕರ್ಕೊಂಡ್ರಂತೆ. ಇವ್ರು ಬಾವುಟ ಸುತ್ತಿ ಇಟ್ಟುಬಿಟ್ರು. ಆಮೇಲೆ ಎಣಿಸಿದ್ರೆ ಒಂದು ಕಮ್ಮಿ. ಇಪ್ಪತ್ತೇಳನೇ ನಂಬರು. ಅವನು ಬಂದಾಗ ಓಟ ಮುಗಿಯೋ ಗೆರೆ ಹತ್ರ ಯಾರೂ ಇಲ್ಲ. ಬಾವುಟ ಕಾಣ್ಲಿಲ್ಲ, ರೇಸ್ ಇನ್ನೂ ಇದೆ ಅಂತ ಮುಂದಕ್ಕೆ ಹೋಗ್ಬಿಟ್ಟ. ತಿರುವಲ್ಲಿ ಹುಲ್ಲು ದಾಟಿ ಆಚೆ ಬಿದ್ದಿದ್ದ. ಇವ್ರು ಹೋಗೋ ಹೊತ್ತಿಗೆ ಅವನಿಗೆ ಉಸಿರು ಇರ್ಲಿಲ್ಲ ಚಾಚಾ. ಎಂಜಿನ್ ಮಾತ್ರ ಓಡ್ತಾನೇ ಇತ್ತಂತೆ."

ಬೇರೆಯವರಾಗಿದ್ದರೆ ಇಲ್ಲಿ ದೆವ್ವ ಎಂದು ಚೀರುತ್ತಿದ್ದರು. ಸೋಮಲಿಂಗಪ್ಪನಿಗೆ ಆ ಪದ ನೆನಪಾಗಲೇ ಇಲ್ಲ. ಅವನ ಕಣ್ಣಿಗೆ ಕಂಡದ್ದು ಒಬ್ಬ ಡ್ರೈವರು. ಕಂಡಕ್ಟರ್ ಸೀಟಿ ಊದದೆ ಗಾಡಿ ನಿಲ್ಲಿಸಬಾರದು. ಕಂಟ್ರೋಲರು ಲಾಗ್ ಶೀಟಿಗೆ ಸಹಿ ಹಾಕದೆ ಡ್ಯೂಟಿ ಇಳಿಯಬಾರದು. ಇದು ಡಿಪೋದ ಮೊದಲ ಪಾಠ.

"ಅಲ್ರಿ ಸಾಹೇಬ್ರ," ಎಂದು ಅವನು ವಾಲ್ಟರನ ಕಡೆ ಬಗ್ಗಿದ. "ಎಪ್ಪತ್ತ ವರ್ಷ ಒಬ್ಬ ಮನಿಶ್ಯಾನ್ನ ಡ್ಯೂಟಿ ಮ್ಯಾಲೆ ಇಟ್ಟೀರಿ? ಒಂದ ಚಾ ಕುಡ್ಯಾಕರ ಬಿಡಬೇಕೋ ಬ್ಯಾಡೋ?"

ಕಮರುದ್ದೀನ್ ಇದನ್ನು ಹೇಗೆ ತರ್ಜುಮೆ ಮಾಡಿದನೋ, ತೊಂಬತ್ತನಾಲ್ಕರ ವಾಲ್ಟರು ಮುಖ ಮುಚ್ಚಿಕೊಂಡು ಅತ್ತ.

"ಬಾವುಟ ಹೆಂಗಿರ್ತೈತಿ?"

"ಕಪ್ಪು ಬಿಳಿ ಚೌಕಳಿ ಚಾಚಾ." ಕಮರುದ್ದೀನ್ ಒಂದು ಗಳಿಗೆ ಯೋಚಿಸಿದ. "ನಂದೊಂದು ಲುಂಗಿ ಇದೆ, ಥೇಟ್ ಹಂಗೇ."

ಆ ಶನಿವಾರದ ಎಣ್ಣೆ ಸ್ನಾನವೂ ಆಯಿತು, ಸೋಮಲಿಂಗಪ್ಪನಿಗೆ ರುಚಿಸಲಿಲ್ಲ. ಭಾನುವಾರದಿಂದ ಮಂಜೇ ಇಲ್ಲ. ಸೋಮವಾರ ಬಿಸಿಲು, ಮಂಗಳವಾರ ಬಿಸಿಲು, ಬುಧವಾರವೂ ಬಿಸಿಲು. ಗುರುವಾರ, ಡಾಕ್ಟರ ಹತ್ತಿರ ಹೋಗಬೇಕಾದ ದಿನ, ಕಿಟಕಿಯ ಆಚೆ ಲೋಕ ಅಳಿಸಿಹೋಗಿತ್ತು.

ಆರಕ್ಕೆ ಮೂವರು ತಿರುವಿನಲ್ಲಿ ನಿಂತರು. ಸೋಮಲಿಂಗಪ್ಪ ಹಳೆಯ ಖಾಕಿ ಅಂಗಿ ತೊಟ್ಟು ಕೈಯಲ್ಲಿ ಲುಂಗಿ ಹಿಡಿದಿದ್ದ. ನಾಗವ್ವ ಚಹಾದ ಥರ್ಮಾಸು ಹಿಡಿದಿದ್ದಳು. ಕಮರುದ್ದೀನ್ ತುಟಿಯೊಳಗೇ ಏನನ್ನೋ ಪಠಿಸುತ್ತಿದ್ದ.

"ಲುಂಗಿ ಒಗದದ್ದ ಐತಿಲ್ಲೋ?" ಎಂದು ನಾಗವ್ವ ಪಿಸುಗುಟ್ಟಿದಳು.

"ನಿನ್ನೆನೇ ಒಗ್ದಿದ್ದು ಚಾಚಿ."

"ಇರ್ಲಿ. ಸತ್ತವರ ಮುಂದ ಮರ್ಯಾದಿ ಪ್ರಶ್ನೆ."

ಸದ್ದು ಎದ್ದಿತು. ದೂರದ ನೇರ ರಸ್ತೆಯಲ್ಲಿ ಏರಿ, ಏರಿ, ಕಿವಿಯ ಒಳಗೇ ಬಂದಂತೆ ಏರಿತು. ಬಾಗಿಲ ದೀಪಗಳು ಒಂದೊಂದಾಗಿ ಮಂಕಾಗಿ, ಅದು ದಾಟಿದ ಮೇಲೆ ಒಂದೊಂದಾಗಿ ಹೊತ್ತಿಕೊಂಡವು. ಓಣಿಯ ನಾಯಿಗಳೆಲ್ಲ ಒಮ್ಮೆಗೇ ಬೊಗಳುವುದನ್ನು ನಿಲ್ಲಿಸಿದವು. ಸೋಮಲಿಂಗಪ್ಪ ರಸ್ತೆಯ ನಡುವೆ ನಿಂತು ಕಮರುದ್ದೀನನ ಲುಂಗಿಯನ್ನು ಎರಡೂ ಕೈಯಿಂದ ತಲೆಯ ಮೇಲೆ ಬೀಸಿದ. ಈ ಮಂಜಿನಲ್ಲೂ ಬಾವುಟ ಕಾಣಲಿಲ್ಲವೇನೋ, ಸದ್ದು ತಗ್ಗಲಿಲ್ಲ.

ಆಗ ಅವನ ಹಿಂದಿನಿಂದ ನಾಗವ್ವನ ಕೂಗು ಮಂಜನ್ನು ಸೀಳಿತು. ಗಾಡಿ ನಿಲ್ಲಿಸಲು ಕಂಡಕ್ಟರು ಹಾಕುವ, ಮೂವತ್ತೆರಡು ವರ್ಷ ಅವನು ಬಸ್ಸಿನಲ್ಲಿ ಕೇಳಿಸಿಕೊಂಡದ್ದೇ ಕೂಗು: "ಹೋಲ್ಡಾನ್!"

ಗೇರು ಇಳಿಯಿತು. ಮೂರು, ಎರಡು, ಒಂದು. ಸೋಮಲಿಂಗಪ್ಪನಿಗೆ ಒಂದೊಂದೂ ಗೊತ್ತಾಯಿತು. ಸದ್ದು ಗುರುಗುಟ್ಟುತ್ತ ಅವನಿಂದ ಎರಡು ಮಾರು ದೂರಕ್ಕೆ ಬಂದು, ಒಂದು ಸಲ ಕೆಮ್ಮಿ, ನಿಂತಿತು. ಕಾದ ಲೋಹ ಆರುವಾಗಿನ ಟಿಕ್, ಟಿಕ್ ಅಷ್ಟೇ ಉಳಿಯಿತು. ಅವನ ಮೊಣಕಾಲಿಗೆ ಬಾನೆಟ್ಟಿನ ಶಾಖ ತಾಗುತ್ತಿತ್ತು. ಎದುರಿಗೆ ಮಂಜಲ್ಲದೆ ಏನೂ ಇರಲಿಲ್ಲ.

"ಮುಗೀತು ತಮ್ಮಾ," ಎಂದ ಸೋಮಲಿಂಗಪ್ಪ ಮೆಲ್ಲಗೆ. "ಡ್ಯೂಟಿ ಮುಗೀತು. ಬಾಳ ಹೊತ್ತ ಆತು. ಇಳಿ. ಚಾ ಕುಡಿ."

ನಾಗವ್ವ ಚಹಾ ಸುರಿದು ಲೋಟವನ್ನು ರಸ್ತೆಯಂಚಿನಲ್ಲಿಟ್ಟಳು. ಮೂವರೂ ತಲೆ ತಗ್ಗಿಸಿ ನಿಂತರು. ಕೊಂಚ ಹೊತ್ತಾದ ಮೇಲೆ ವೇಗವಾಗಿ ಹೆಜ್ಜೆ ಹಾಕುವ ಸದ್ದು ಬಂತು. ಕಮರುದ್ದೀನ್ ಸೋಮಲಿಂಗಪ್ಪನ ತೋಳು ಹಿಡಿದ. ಬಂದವರು ಜಾಗಿಂಗಿಗೆ ಹೊರಟ ವೆಂಕಟೇಶ್. ನಿಂತು, ಹುಬ್ಬು ಗಂಟಿಕ್ಕಿ, ರಸ್ತೆಯನ್ನು ನೋಡಿ ಫೋನು ತೆಗೆದು ಒಂದು ಫೋಟೋ ಹೊಡೆದು ಓಡಿಹೋದರು. ಇವರೂ ಮನೆಗೆ ಬಂದರು. ಬರುವಾಗ ನಾಗವ್ವ ಲೋಟ ಎತ್ತಿಕೊಂಡಳು, ಅದು ಖಾಲಿಯಿತ್ತು. ಬೆಕ್ಕು ಕುಡಿದಿರಬೇಕು ಎಂದಳು. ಬೆಕ್ಕು ಶುಂಠಿ ಚಹಾ ಕುಡಿಯುವುದಿಲ್ಲ ಎಂದು ಮೂವರಿಗೂ ಗೊತ್ತಿತ್ತು.

ಹತ್ತು ಗಂಟೆಗೆ ಡಾಕ್ಟರಮ್ಮ ಗಡಿಯಾರ ಬರೆಸಿದಳು, ಸೋಮಲಿಂಗಪ್ಪ ಬರೆದ. ಐದು ಶಬ್ದ ಹೇಳಿ ನೆನಪಿಡಲು ಹೇಳಿದಳು. ಅವನು ಐದನ್ನೂ ಹೇಳಿ, ಕೇಳದೆಯೇ ರೋಣದಿಂದ ಹುಬ್ಬಳ್ಳಿಯವರೆಗಿನ ಸ್ಟಾಪುಗಳನ್ನೆಲ್ಲ ಸೇರಿಸಿದ. ವಸುಧಾ ಕೂತು ತರ್ಜುಮೆ ಮಾಡುತ್ತಿದ್ದಳು. ಡಾಕ್ಟರಮ್ಮ ಕೊನೆಯ ಪ್ರಶ್ನೆಗೆ ಬಂದಳು. ನಿಮ್ಮ ತಂದೆಗೆ ಇಲ್ಲದ ವಸ್ತು, ಇಲ್ಲದ ಮನುಷ್ಯರು ಕಾಣಿಸುವುದುಂಟೇ? ಎಲ್ಲ ನಿಂತಿದ್ದು ಆ ಒಂದು ಉತ್ತರದ ಮೇಲೆ.

ಅದೇ ಹೊತ್ತಿಗೆ ಅವಳ ಫೋನು ಗುಂಯ್‌ಗುಟ್ಟಿತು. ಸಂಘದ ನೋಟಿಸು. ಅವಳು ಓದಿದಳು, ಮತ್ತೊಮ್ಮೆ ಓದಿದಳು.

'ಇಂದು ಬೆಳಿಗ್ಗೆ 6:20ಕ್ಕೆ ನಿಮ್ಮ ತಂದೆಯವರ ಅತಿಥಿಯೊಬ್ಬರು ತಿರುವಿನಲ್ಲಿ ಪರ್ಮಿಟ್ ಇಲ್ಲದೆ ವಾಹನ ನಿಲ್ಲಿಸಿದ್ದರು. ಚಾವಣಿಯಿಲ್ಲದ ಹಳೆಯ ಕಾರು. ಬಾಗಿಲ ಮೇಲೆ 27 ಎಂಬ ಸಂಖ್ಯೆ. ರಸ್ತೆಗೆ ಎಣ್ಣೆ ಸೋರುತ್ತಿತ್ತು. ಚರ್ಮದ ಟೋಪಿ ಧರಿಸಿದ ಚಾಲಕರು ರಸ್ತೆಯಂಚಿನಲ್ಲಿ ಕೂತು ಚಹಾ ಕುಡಿಯುತ್ತಿದ್ದರು. ಪ್ರೆಸಿಡೆಂಟರಿಗೆ ಕೈ ಬೀಸಿದರು. ಫೋಟೋ ಲಗತ್ತಿಸಿದೆ.'

ಫೋಟೋದಲ್ಲಿ ಮಂಜಿತ್ತು, ತಲೆ ತಗ್ಗಿಸಿ ನಿಂತ ಮೂವರಿದ್ದರು, ರಸ್ತೆಯಂಚಿನಲ್ಲಿ ಒಂದು ಲೋಟವಿತ್ತು. ಅಷ್ಟೇ.

ಡಾಕ್ಟರಮ್ಮ ಮತ್ತೆ ಕೇಳಿದಳು. ವಸುಧಾ ಫೋನನ್ನು ಮಗುಚಿಟ್ಟಳು.

"ಇಲ್ಲ ಡಾಕ್ಟರ್," ಎಂದಳು. "ಕಾಣಿಸೋದು ನಮ್ಮ ಸಂಘದ ಪ್ರೆಸಿಡೆಂಟರಿಗೆ."

ಪ್ಲೆಸೆಂಟನ್‌ನ ವ್ಯಾನು ಬರಲಿಲ್ಲ. ಕಮರುದ್ದೀನ್ ವಾಲ್ಟರನಿಗೆ ಫೋನು ಮಾಡಿ ಸುದ್ದಿ ಹೇಳಿದಾಗ ಅವನು ಥ್ಯಾಂಕ್ಸ್ ಹೇಳಿ ಇಟ್ಟನಂತೆ. ಕಮರುದ್ದೀನನ ಲುಂಗಿಗೆ ಏಳು ಸಲ ಒಗೆದರೂ ಹರಳೆಣ್ಣೆಯ ವಾಸನೆ ಹೋಗಲಿಲ್ಲ. ವೆಂಕಟೇಶರು ತಿರುವಿನಲ್ಲಿದ್ದ ಎಣ್ಣೆಯ ಕಲೆಯನ್ನು ಮೂರು ಸಲ ಯಂತ್ರ ತರಿಸಿ ತೊಳೆಸಿದರು. ಮೂರು ಸಲವೂ ಅದು ಮಾರನೆಯ ಬೆಳಿಗ್ಗೆ ಅಲ್ಲೇ ಇತ್ತು. ಚಳಿ ಹೆಚ್ಚಿದ ಮೇಲೆ ಓಣಿಯ ಬೆಕ್ಕುಗಳೆಲ್ಲ ಬಂದು ಆ ಕಲೆಯ ಮೇಲೆ ಒಂದರ ಮೇಲೊಂದು ಮಲಗತೊಡಗಿದವು. ಬೆಕ್ಕುಗಳಿಗೂ ಒಂದು ನೋಟಿಸು ಹೋಯಿತು.

ಡಿಸೆಂಬರಿನ ಒಂದು ಮಂಜಿನ ಬೆಳಗು ಸೋಮಲಿಂಗಪ್ಪ ಒಬ್ಬನೇ ವಾಕಿಂಗ್ ಹೊರಟಿದ್ದ. ತಿರುವಿನಲ್ಲಿ ವೆಂಕಟೇಶ್ ಕಾದು ನಿಂತಿದ್ದರು. ಕೈಯಲ್ಲಿ ಟ್ಯಾಬ್ಲೆಟ್ಟು ಇರಲಿಲ್ಲ.

"ಅಂಕಲ್," ಎಂದರು ಮೆಲ್ಲಗೆ, "ಕಮರುದ್ದೀನ್ ಎಲ್ಲಾ ಹೇಳಿದ್ರು. ನೀವು ಆವತ್ತು ಅವನನ್ನ ನಿಲ್ಲಿಸಿಬಿಟ್ರಿ ಅಲ್ವಾ? ಮತ್ತೆ ಈ ಕಲೆ ಇನ್ನೂ ಯಾಕೆ ಹೀಗೆ?"

ಸೋಮಲಿಂಗಪ್ಪ ಬೆಕ್ಕುಗಳನ್ನು ಸರಿಸಿ, ಕುಕ್ಕರಗಾಲಲ್ಲಿ ಕೂತು ಕಲೆಯ ಮೇಲೆ ಅಂಗೈಯಿಟ್ಟ. ಬೆಚ್ಚಗಿತ್ತು. ಡಿಪೋಗೆ ಬಂದ ಗಾಡಿಯ ಬಾನೆಟ್ ಮುಟ್ಟಿದಂತೆ ಒಂದು ಗಳಿಗೆ ಹಾಗೇ ಇಟ್ಟುಕೊಂಡಿದ್ದ.

"ಗಡಬಡ ಮಾಡಬ್ಯಾಡ್ರಿ ವೆಂಕಟೇಶರ," ಎಂದ. "ಎಪ್ಪತ್ತ ವರ್ಷ ಓಡಿದ ಎಂಜಿನ್ ಐತಿ. ಆರಾಕ ಟೈಮ್ ಬೇಕು."